ಪಿಕಪ್ ಬೆಡ್‌ಗೆ ಸುರುಳಿ ಕವರ್: ಸುತ್ತಿದ ಮೇಲೆ ಅದು ಕೂರೋದೆಲ್ಲಿ?

ಡೆಟ್ರಾಯಿಟ್ ಸುತ್ತಮುತ್ತ ಪಿಕಪ್ ಇಟ್ಟುಕೊಂಡವರಿಗೆ ಬೆಡ್ (ಹಿಂದೆ ಸಾಮಾನು ತುಂಬುವ ತೆರೆದ ಜಾಗ) ಕವರ್ ಶೋಕಿಯಲ್ಲ. ಚಳಿಗಾಲ ಪೂರ್ತಿ ಹಿಮ, ರಸ್ತೆಗೆ ಸುರಿಯುವ ಉಪ್ಪು. ಉಳಿದ ತಿಂಗಳಲ್ಲಿ ಹೇಳದೆ ಕೇಳದೆ ಬರುವ ಮಳೆ. ನಮ್ಮದು ಐದೂವರೆ ಅಡಿ ಬೆಡ್‌ನ ಫೋರ್ಡ್ ಎಫ್-150. ಅಪ್ಪ ಅಮ್ಮ ಊರಿಂದ ಬರುವವರಿದ್ದರು. ಅವರು ಹಿಂದಿನ ಸೀಟಲ್ಲಿ ಕೂತರೆ ದೊಡ್ಡ ಸೂಟ್‌ಕೇಸ್‌ಗಳೆಲ್ಲ ಬೆಡ್‌ಗೇ ಹೋಗಬೇಕು. ಅದರೊಳಗೆ ಹಪ್ಪಳ, ಸಾರಿನ ಪುಡಿ, ಸೀರೆ. ಟಾರ್ಪಲ್ ಹೊದಿಸಿ ಹಗ್ಗ ಬಿಗಿದುಕೊಂಡು ಹೈವೇಯಲ್ಲಿ ಬರುವ ಧೈರ್ಯ ನನಗಿರಲಿಲ್ಲ.

ಸುರುಳಿ ಸುತ್ತುವ ಕವರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಮೆತ್ತನೆಯದು. ದಪ್ಪ ವಿನೈಲ್ ಹಾಳೆ, ಅಡಿಯಲ್ಲಿ ಅಡ್ಡಪಟ್ಟಿಗಳು. ಟೇಲ್‌ಗೇಟ್ (ಬೆಡ್‌ನ ಹಿಂಬಾಗಿಲು) ಕಡೆಯಿಂದ ಕೈಯಲ್ಲೇ ಸುತ್ತಿಕೊಂಡು ಹೋಗಿ ಕ್ಯಾಬಿನ್ ಹಿಂದೆ ಬೆಲ್ಟ್ ಹಾಕಿ ಕಟ್ಟುವುದು. ಸುಮಾರು 300ರಿಂದ 500 ಡಾಲರ್. ಇನ್ನೊಂದು ಗಟ್ಟಿಯದು. ಅಂಗಡಿಯ ರೋಲಿಂಗ್ ಶಟರನ್ನು ಅಡ್ಡ ಮಲಗಿಸಿದ ಹಾಗೆ, ಅಲ್ಯೂಮಿನಿಯಂ ಪಟ್ಟಿಗಳು ಹಳಿಯ ಮೇಲೆ ಸರಿದು ಮುಂದಿನ ಡಬ್ಬದೊಳಗೆ ಸುತ್ತಿಕೊಳ್ಳುತ್ತವೆ. ಅದಕ್ಕೆ 1,500 ಡಾಲರಿನಿಂದ ಮೇಲೆ, ಮೋಟಾರ್ ಇದ್ದರೆ ಇನ್ನೂ ಜಾಸ್ತಿ.

ಮುಚ್ಚಿದಾಗ ಎರಡೂ ಚೆನ್ನಾಗೇ ಕಾಣುತ್ತವೆ. ಕಂಪನಿಯವರು ತೋರಿಸುವ ಫೋಟೋ ಎಲ್ಲ ಮುಚ್ಚಿದ್ದರದ್ದೇ. ನಾನು ಕೇಳಿಕೊಂಡ ಪ್ರಶ್ನೆ ಬೇರೆ: ತೆರೆದಾಗ ಈ ಕವರ್ ಎಲ್ಲಿ ಕೂರುತ್ತೆ?

ಟೇಪ್ ಹಿಡಿದು ಅಳೆದೆ. ನಮ್ಮ ಬೆಡ್ ಒಳಗಡೆ 67 ಇಂಚು ಉದ್ದ, 21 ಇಂಚು ಆಳ. ಗಟ್ಟಿ ಕವರಿನ ಡಬ್ಬ ಮಾಡೆಲ್ ನೋಡಿಕೊಂಡು ಮುಂಭಾಗದಲ್ಲಿ ಹತ್ತು ಹನ್ನೆರಡು ಇಂಚು ತಿನ್ನುತ್ತದೆ, ಕೆಳಕ್ಕೂ ಹೆಚ್ಚುಕಡಿಮೆ ಅಷ್ಟೇ ಇಳಿದಿರುತ್ತದೆ. ಎಂಟು ಅಡಿ ಬೆಡ್ ಇದ್ದವರಿಗೆ ಇದು ಲೆಕ್ಕಕ್ಕೇ ಇಲ್ಲ. ಐದೂವರೆ ಅಡಿಯಲ್ಲಿ ಹಾಗಲ್ಲ. ಡಬ್ಬದ ಕೆಳಗೆ ಜಾಗ ಇದ್ದೇ ಇರುತ್ತೆ, ಪ್ಲೈವುಡ್ ಹಾಳೆ ಅಥವಾ ಮರದ ಹಲಗೆ ಆರಾಮಾಗಿ ನುಗ್ಗುತ್ತದೆ. ಎತ್ತರದ ಸಾಮಾನು ನುಗ್ಗಲ್ಲ. ಲೆಕ್ಕ ನೋಡಲು ಒಂದು ರಟ್ಟಿನ ಪೆಟ್ಟಿಗೆಯನ್ನು ಡಬ್ಬದ ಅಳತೆಗೆ ಕತ್ತರಿಸಿ ಬೆಡ್‌ನ ಮುಂದಿನ ತುದಿಗೆ ಟೇಪಿನಲ್ಲಿ ಅಂಟಿಸಿದೆ. ಆಮೇಲೆ ಸೈಕಲ್, ಫೋಲ್ಡಿಂಗ್ ಟೇಬಲ್, ಕನ್ನಡ ಕೂಟದ ಅಡುಗೆಗೆ ಎರವಲು ಕೊಡುವ ದೊಡ್ಡ ಪಾತ್ರೆ ಎಲ್ಲ ಇಟ್ಟು ನೋಡಿದೆ. ನನ್ನ ಹೆಂಡತಿ ಅದನ್ನೆಲ್ಲ ನೋಡುತ್ತಾ ನಿಂತಿದ್ದಳು. "ಫ್ರಿಜ್ ತರೋಕಾಗಲ್ಲ ಅಂದ್ರೆ ಪಿಕಪ್ ಯಾಕ್ರೀ ಬೇಕಿತ್ತು?" ಅಂದಳು. ಅಲ್ಲಿಗೆ ತೀರ್ಮಾನವಾಯಿತು, ಮೆತ್ತನೆಯದೇ.

ಚಾಕು ಹಾಕಿದರೆ ವಿನೈಲ್ ಹರಿಯುತ್ತೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹರಿಯುತ್ತೆ. ನಾನು ಬೆಡ್‌ನಲ್ಲಿ ರಾತ್ರಿ ಬಿಡುವುದು ಹೆಚ್ಚೆಂದರೆ ಒಂದು ಮಣ್ಣಿನ ಚೀಲ. ಕಣ್ಣಿಗೆ ಬೀಳದಿದ್ದರೆ ಸಾಕು. ಡಲ್ಲಾಸಿನಲ್ಲಿರುವ ನನ್ನ ಸ್ನೇಹಿತನದು ಎಲೆಕ್ಟ್ರಿಕಲ್ ಕೆಲಸ. ಅವನ ಉಪಕರಣಗಳ ಬೆಲೆ ನೋಡಿದರೆ ಗಟ್ಟಿ ಕವರೇ ಸರಿ. ಹಳಿಯ ಮೇಲೆ ಏಣಿ ಕಟ್ಟಲು ರ‍್ಯಾಕ್ ಕೂಡ ಕೂರಿಸಿಕೊಂಡಿದ್ದಾನೆ. ಕವರ್ ಹಾಕಿದರೆ ಮೈಲೇಜ್ ಏರುತ್ತೆ ಅನ್ನೋ ಮಾತನ್ನು ಮಾತ್ರ ನಾವಿಬ್ಬರೂ ನಂಬಲಿಲ್ಲ. ಟೇಲ್‌ಗೇಟ್ ಮುಚ್ಚಿದ್ದರೆ ಬೆಡ್ ಒಳಗೆ ಗಾಳಿ ಸುತ್ತುತ್ತಾ ನಿಂತು, ಮೇಲಿನ ಗಾಳಿ ಅದರ ಮೇಲೇ ಜಾರಿ ಹೋಗುತ್ತದೆ. ಆದ್ದರಿಂದ ಕವರಿನಿಂದ ದೊಡ್ಡ ಲಾಭವೇನೂ ಉಳಿದಿರುವುದಿಲ್ಲ.

ಆರ್ಡರ್ ಮಾಡುವಾಗ ಮಾಡೆಲ್ ವರ್ಷ, ಬೆಡ್ ಉದ್ದ ಎರಡನ್ನೂ ಕೊಡಬೇಕು. ಬೆಡ್ ಒಳಗೆ ಪ್ಲಾಸ್ಟಿಕ್ ಲೈನರ್ (ಒಳಹೊದಿಕೆ) ಕೂರಿಸಿದ್ದೀರೋ, ಅದರ ಬದಲು ಲೇಪನ ಸ್ಪ್ರೇ ಮಾಡಿಸಿದ್ದೀರೋ ಅನ್ನೋದೂ ಮುಖ್ಯ. ಪ್ಲಾಸ್ಟಿಕ್ ಲೈನರ್ ಅಂಚಿಗೆ ಕ್ಲಾಂಪ್ ಹಿಡಿಯಬೇಕಾದರೆ ಆ ಜಾಗದಲ್ಲಿ ಲೈನರ್ ಕತ್ತರಿಸಬೇಕಾಗಬಹುದು. ನಮ್ಮದು ಸ್ಪ್ರೇ, ತೊಂದರೆ ಇರಲಿಲ್ಲ. ತೂತು ಕೊರೆಯುವ ಮಾಡೆಲ್ ಬೇಡವೇ ಬೇಡ ಅಂದುಕೊಂಡಿದ್ದೆ. 2015ರಿಂದ ಎಫ್-150 ಬಾಡಿ ಅಲ್ಯೂಮಿನಿಯಂ. ಅದಕ್ಕೆ ಸಾದಾ ಉಕ್ಕಿನ ಸ್ಕ್ರೂ ತಾಗಿ, ನಡುವೆ ಉಪ್ಪುನೀರು ಕೂತರೆ ಅಲ್ಯೂಮಿನಿಯಂ ಸವೆಯಲು ಶುರು. ನಮ್ಮ ರಸ್ತೆಗಳಲ್ಲಿ ಉಪ್ಪುನೀರಿಗೆ ಬರವೇ?

ಫಿಟ್ಟಿಂಗ್ ನಾನೇ ಮಾಡಿದೆ. ಕೆಲಸ ಕಷ್ಟದ್ದಲ್ಲ, ಸಣ್ಣ ಸಣ್ಣ ವಿಷಯ ಗಮನಿಸಬೇಕು ಅಷ್ಟೇ. ವಿನೈಲ್ ಚಳಿಗೆ ಕುಗ್ಗುತ್ತದೆ, ಬಿರುಸಾಗುತ್ತದೆ. ಅದಕ್ಕೇ ಬಿಸಿಲು ಇರುವ ದಿನ ಹಿಡಿದೆ. ಪೆಟ್ಟಿಗೆಯಿಂದ ತೆಗೆದು ಡ್ರೈವ್‌ವೇ ಮೇಲೆ ಹರಡಿ, ಮಡಿಕೆ ಬಿಡುವ ತನಕ ಬಿಟ್ಟೆ. ಎರಡು ಬದಿಯ ಹಳಿಗಳನ್ನು ಕೈಬಿಗಿತದಲ್ಲಿ ಕೂರಿಸಿ, ಹಳಿಯಿಂದ ಹಳಿಗೆ ಮುಂದೆಯೂ ಹಿಂದೆಯೂ ಅಳೆದೆ. ಎರಡೂ ಅಳತೆ ಒಂದೇ ಬಂದ ಮೇಲೇ ಕ್ಲಾಂಪ್ ಬಿಗಿದಿದ್ದು. ಇಲ್ಲಿ ಕಾಲು ಇಂಚು ವ್ಯತ್ಯಾಸ ಬಂದರೂ ಹಿಂದಿನ ಕೊಂಡಿ ಒಂದು ಕಡೆ ಕೂರುತ್ತೆ, ಇನ್ನೊಂದು ಕಡೆ ಸತಾಯಿಸುತ್ತೆ. ಹಾಳೆಯ ಬಿಗಿತ ಸರಿ ಮಾಡಲು ಮುಂದಿನ ತುದಿಯಲ್ಲಿ ಸ್ಕ್ರೂ ಇದೆ. ಬೇಸಿಗೆಯಲ್ಲಿ ಡೋಲಿನ ಚರ್ಮದಷ್ಟು ಬಿಗಿ ಮಾಡಿದರೆ ಜನವರಿಯಲ್ಲಿ ಕೊಂಡಿ ಎಳೆದರೂ ಬರಲ್ಲ. ಹಾಗಾಗಿ ಸ್ವಲ್ಪ ಸಡಿಲವೇ ಇಟ್ಟೆ.

ನೀರಿನ ಪರೀಕ್ಷೆಗೆ ಬೆಡ್ ತುಂಬ ರಟ್ಟು ಹಾಸಿ, ಕವರ್ ಮುಚ್ಚಿ, ಹೋಸ್ ಹಿಡಿದೆ. ತೆಗೆದು ನೋಡಿದರೆ ರಟ್ಟೇ ನಕ್ಷೆ ಬರೆದುಕೊಟ್ಟಿತ್ತು. ನಡುವೆ ಪೂರ್ತಿ ಒಣ. ಕ್ಯಾಬಿನ್ ಕಡೆಯ ಎರಡು ಮೂಲೆಯಲ್ಲಿ ಅಂಗೈಯಷ್ಟು ಕಪ್ಪು ಕಲೆ. ಟೇಲ್‌ಗೇಟ್ ಕೆಳಗಡೆ ಉದ್ದಕ್ಕೂ ಒಂದು ಗೆರೆ. ಮೂಲೆಗಳಿಗೆ ಫೋಮ್ ಟೇಪ್ ಒತ್ತಿದೆ. ಟೇಲ್‌ಗೇಟ್ ಸಂದಿಗೆ ರಬ್ಬರ್ ಸೀಲ್ ಬೇರೆಯಾಗಿ ಸಿಗುತ್ತದೆ. ಅಂಟಿಸುವ ಮೊದಲು ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ವಾರದಲ್ಲೇ ಕಿತ್ತು ಬರುತ್ತೆ. ಇಷ್ಟಾದ ಮೇಲೂ ಜೋರು ಮಳೆಯಲ್ಲಿ ನಾಲ್ಕು ಹನಿ ಒಳಗೆ ಬರುತ್ತದೆ. ಹಪ್ಪಳದ ಸೂಟ್‌ಕೇಸನ್ನು ನಡುವೆ ಇಟ್ಟರಾಯಿತು.

ಹಿಮ ಬಿದ್ದಾಗ ಮೊದಲು ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ, ಆಮೇಲೆ ಸುತ್ತುತ್ತೇನೆ. ಹಿಮ ಸಮೇತ ಸುತ್ತಿದರೆ ಒಳಗೆ ಕರಗಿ ಮತ್ತೆ ಗಡ್ಡೆ ಕಟ್ಟುತ್ತೆ. ಬದಿಯ ವೆಲ್ಕ್ರೊ ಪಟ್ಟಿಗೂ ಮಂಜು ಹಿಡಿದರೆ ಅಂಟಲ್ಲ. ಗಟ್ಟಿ ಕವರಿನವರಿಗೆ ಇದರ ಜೊತೆ ಇನ್ನೊಂದು ಕೆಲಸ. ಡಬ್ಬಕ್ಕೆ ನುಗ್ಗಿದ ನೀರು ಇಳಿಯಲು ಸಣ್ಣ ಪೈಪ್ ಇರುತ್ತವೆ, ಮೇಪಲ್ ಎಲೆ ಉದುರುವ ಕಾಲದಲ್ಲಿ ಅವು ಕಟ್ಟಿಕೊಳ್ಳುತ್ತವೆ. ನಮ್ಮ ಬೀದಿಯ ಕೊನೆ ಮನೆಯವರು ಅಕ್ಟೋಬರ್ ಬಂದರೆ ತಂತಿ ಹಿಡಿದು ಪಿಕಪ್ ಕೆಳಗೆ ಮಲಗಿರುತ್ತಾರೆ.