ಮಾವನಿಗೆ ಹಸಿರು ಕಾರ್ಡ್

ಕೊಡವ ಕೌಟುಂಬಿಕ ಹಾಕಿಯಲ್ಲಿ ಅಂಪೈರ್ ಆಗುವುದೆಂದರೆ ನೆಂಟರ ನಡುವೆ ನ್ಯಾಯ ಹೇಳಲು ನಿಲ್ಲುವುದು. ತಂಡದ ಅಷ್ಟೂ ಜನ ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು. ಅರವತ್ತು ದಾಟಿದವರು, ಶಾಲೆಗೆ ಹೋಗುವ ಹುಡುಗಿ, ರಜೆ ಹಾಕಿ ಬಂದ ಸೈನಿಕ, ಎಲ್ಲರೂ ಒಂದೇ ಬಣ್ಣದ ಜೆರ್ಸಿಯಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಇದನ್ನು ಆರಂಭಿಸಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಇಷ್ಟು ಮನೆತನಗಳಲ್ಲಿ ನನಗೆ ಹೆಣ್ಣು ಕೊಟ್ಟವರು, ತಂದವರು ಇಲ್ಲದ ಪಂದ್ಯ ಸಿಗುವುದೇ ಕಷ್ಟ.

ಮೊದಲ ವರ್ಷ ನಾನು ಬಾಯಿಮಾತನ್ನೇ ನಂಬಿದ್ದೆ. ಒಬ್ಬ ಹಿರಿಯ ಫಾರ್ವರ್ಡ್ ಪ್ರತಿ ಸೀಟಿಗೂ ಕೈ ಎತ್ತಿ ಪ್ರಶ್ನಿಸುತ್ತಿದ್ದರು. ನಾನು ನಗುತ್ತಾ, ಚೆಂಡು ಯಾರ ಪಾದಕ್ಕೆ ತಗಲಿತೆಂದು ವಿವರಿಸುತ್ತಿದ್ದೆ. ದ್ವಿತೀಯಾರ್ಧದ ಹೊತ್ತಿಗೆ ಮೈದಾನದಲ್ಲಿ ಆಟಗಾರರಿಗಿಂತ ಅಂಪೈರುಗಳೇ ಹೆಚ್ಚಾಗಿದ್ದರು. ಆಗ ಗಾಬರಿಯಾಗಿ ಹಳದಿ ಕಾರ್ಡ್ ತೆಗೆದೆ. ತೋರಿಸಿದ್ದು ಯಾರಿಗೆ? ಒಂದೇ ಒಂದು ಮಾತು ಆಡಿದ ಎದುರು ತಂಡದ ಹುಡುಗನಿಗೆ. ಅವನು ನನಗಿಂತ ಚಿಕ್ಕವನು, ಅಷ್ಟೇ ಕಾರಣ. ಅವನು 5 ನಿಮಿಷ ಹೊರಗೆ ಕೂತ, ಅವನ ತಂಡ ಸೋತಿತು. ನಾಕೌಟ್ ಆಟ, ಸೋತ ಒಕ್ಕಕ್ಕೆ ಮತ್ತೆ ಆಡಬೇಕಾದರೆ ಮುಂದಿನ ವರ್ಷವೇ. ಆ ಹುಡುಗನ ಮುಖ ನನಗೆ ಈಗಲೂ ನೆನಪಿದೆ.

ಅಂದಿನಿಂದ ಟಾಸಿಗೆ ಮೊದಲೇ ಇಬ್ಬರೂ ನಾಯಕರನ್ನು ಬದಿಗೆ ಕರೆಯುತ್ತೇನೆ. ತಂಡದವರ ನಡತೆಗೆ ನಾಯಕನೇ ಹೊಣೆ ಎಂದು ನಿಯಮದಲ್ಲೇ ಇದೆ. "ಕೇಳುವುದಿದ್ದರೆ ನೀವು ಕೇಳಿ, ಚೆಂಡು ನಿಂತಾಗ ಕೇಳಿ," ಎನ್ನುತ್ತೇನೆ. ಆಟದಲ್ಲಿ ಮೊದಲ ತಪ್ಪಿಗೆ ಸೀಟಿಯನ್ನು ತುಸು ಗಟ್ಟಿಯಾಗಿ ಊದಿದರೆ ಸಾಕು. ಎರಡನೆಯದಕ್ಕೆ ಹತ್ತಿರ ಹೋಗಿ, ಬೆರಳು ತೋರಿಸದೆ, ಅವರಿಗಷ್ಟೇ ಕೇಳುವಂತೆ ಹೇಳುತ್ತೇನೆ. ಗ್ಯಾಲರಿಯಲ್ಲಿ ಹೆಂಡತಿ ಮಕ್ಕಳು ಕೂತಿರುವಾಗ ಯಾರಿಗೂ ಮುಖಭಂಗ ಆಗಬಾರದು. ಆಮೇಲೆ ಕಾರ್ಡ್. ಅದನ್ನು ತೋರಿಸುವಾಗ ಮಾತಿಲ್ಲ.

ಕಾರ್ಡಿಗಿಂತ ನನಗೆ ಇಷ್ಟವಾದದ್ದು ಇನ್ನೊಂದು ನಿಯಮ: ವಾದ ಮಾಡಿದರೆ ಎದುರು ತಂಡಕ್ಕೆ ಸಿಕ್ಕ ಫ್ರೀ ಹಿಟ್ಟನ್ನು 10 ಮೀಟರ್ ಮುಂದಕ್ಕೆ ಒಯ್ಯಬಹುದು. ನಷ್ಟ ಇಡೀ ತಂಡಕ್ಕೆ. "ಸುಮ್ಮನಿರಿ ದೊಡ್ಡಪ್ಪ!" ಎಂದು ಅವರ ಮನೆಯ ಹುಡುಗರೇ ಕೂಗುತ್ತಾರೆ. ನಾನು ಹೇಳಿದ್ದರೆ ಅದು ಉದ್ಧಟತನವಾಗುತ್ತಿತ್ತು.

ಒಮ್ಮೆ ಸೋದರಮಾವನ ಒಕ್ಕದ ಪಂದ್ಯ ನನ್ನ ಪಾಲಿಗೆ ಬಂತು. ಆಟಕ್ಕೆ ಮುಂಚೆ, ನಮ್ಮ ಪದ್ಧತಿಯಂತೆ, ಮೂರು ಸಲ ಅವರ ಕಾಲು ಮುಟ್ಟಿದೆ. ಅರ್ಧ ಗಂಟೆಯೊಳಗೆ ಅವರು ಪೆನಾಲ್ಟಿ ಕಾರ್ನರಿಗಾಗಿ ನನ್ನ ಮೇಲೆ ರೇಗಿದರು. ಗಟ್ಟಿಯಾಗಿ ಸೀಟಿ ಊದಿದೆ, ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, ಮೂರನೆಯ ಸಲ ಹಸಿರು ಕಾರ್ಡ್ ಎತ್ತಿದೆ. 2 ನಿಮಿಷ ಹೊರಗೆ. ಗ್ಯಾಲರಿ ಒಂದು ಕ್ಷಣ ತಣ್ಣಗಾಯಿತು; ಆಮೇಲೆ ಅತ್ತೆಯೇ ಮೊದಲು ಚಪ್ಪಾಳೆ ತಟ್ಟಿದ್ದು. ಉಳಿದ ಆಟದಲ್ಲಿ ಎರಡೂ ಕಡೆಯಿಂದ ಒಬ್ಬರೂ ತುಟಿ ಬಿಚ್ಚಲಿಲ್ಲ.

ಸಂಜೆ ಅವರ ಮನೆಗೆ ಊಟಕ್ಕೆ ಹೋಗಲೇಬೇಕಿತ್ತು, ಮೊದಲೇ ಒಪ್ಪಿಕೊಂಡಿದ್ದೆ. ಮಾವ ಪಂದಿಕರಿಯ ಪಾತ್ರೆಯನ್ನು ನನ್ನಿಂದ ದೂರ ಸರಿಸಿ, ಕೈಗಡಿಯಾರ ನೋಡುತ್ತಾ ಹೇಳಿದರು: "2 ನಿಮಿಷ ತಡೆ."