ಬಯಲು ನೆಲದಲ್ಲಿ ಕಾಫಿ: ಮೊದಲು ಹೊಂಡ, ಆಮೇಲೆ ಗಿಡ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು, ಶುಂಠಿ ಬೆಳೆದು ಬೇಸತ್ತ ರೈತರು ಪಕ್ಕದ ಕೊಡಗನ್ನು ನೋಡಿ ಕಾಫಿ ಇಡಲು ಮನಸ್ಸು ಮಾಡುವುದು ಸಹಜ. ಸಮುದ್ರಮಟ್ಟದಿಂದ 750–850 ಮೀಟರ್ ಎತ್ತರದ ಈ ನೆಲ ರೋಬಸ್ಟಾ ಎಂಬ ಬಗೆಯ ಕಾಫಿಗೆ ಒಗ್ಗುತ್ತದೆ, ಒಗ್ಗದಿರುವುದು ಮಳೆ. ಕನಿಷ್ಠ 1000 ಮಿಲಿಮೀಟರ್ ಬಯಸುವ ಗಿಡಕ್ಕೆ ಇಲ್ಲಿನ ಹಲವು ಹೋಬಳಿಗಳಲ್ಲಿ ಅಷ್ಟು ಮಳೆಯಾಗುವುದಿಲ್ಲ. ಇನ್ನೊಂದು ಬಗೆಯಾದ ಅರೇಬಿಕಾ 1000 ಮೀಟರಿಗೂ ಮೇಲಿನ ತಂಪನ್ನು ಕೇಳುವುದರಿಂದ ಅದರ ಆಸೆಯನ್ನು ಬಿಡುವುದೇ ಮೇಲು.

ಆದ್ದರಿಂದ ಮೊದಲ ಕೆಲಸ ನೀರಿನ ಲೆಕ್ಕ. ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಮೊಗ್ಗು ಅರಳುವುದಿಲ್ಲ. ಆಗ ತುಂತುರು ನೀರಾವರಿಯಿಂದ ಸುಮಾರು ಒಂದೂವರೆ ಅಂಗುಲ, ಮುಂದಿನ 15–20 ದಿನಗಳಲ್ಲಿ ಇನ್ನೊಂದು ಅಂಗುಲ ನೀರನ್ನು ನಾವೇ ಕೊಡಬೇಕು. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಹಾಗಾಗಿ ಎರಡೇ ಎಕರೆಗೆ ಐದು ಲಕ್ಷ ಲೀಟರಿಗೂ ಹೆಚ್ಚು ನೀರು ಕೆಲವೇ ವಾರಗಳಲ್ಲಿ ಬೇಕಾಗುತ್ತದೆ. ಬೇಸಿಗೆಯ ಕೊಳವೆಬಾವಿಯೊಂದನ್ನೇ ನಂಬಿ ಇದಕ್ಕೆ ಇಳಿಯುವುದು ಜೂಜು. ಮಳೆಗಾಲದಲ್ಲಿ ತುಂಬಿ ಮಾರ್ಚಿನವರೆಗೆ ನೀರು ಹಿಡಿದಿಡುವ ಕೃಷಿ ಹೊಂಡವಿಲ್ಲದೆ ಗಿಡ ಕೊಳ್ಳಬೇಡಿ.

ಎರಡನೆಯದು ನೆರಳು. ಕಾಫಿಗಿಂತ ಒಂದೆರಡು ವರ್ಷ ಮೊದಲೇ ಮುಂಗಾರಿನಲ್ಲಿ ಹಾಲವಾಣದ ಕೊಂಬೆಗಳನ್ನೂ ಸಿಲ್ವರ್ ಓಕ್ ಸಸಿಗಳನ್ನೂ ನೆಟ್ಟು, ಅವು ಬೆಳೆಯುವವರೆಗೆ ಬಾಳೆಯ ನೆರಳನ್ನು ನೆಚ್ಚಿಕೊಳ್ಳಬಹುದು. ಹಲಸು ಒಳ್ಳೆಯ ನೆರಳಿನ ಮರವೇ ಆದರೂ, ನಾಗರಹೊಳೆ ಕಾಡಂಚಿನಲ್ಲಿ ಅದನ್ನು ಬೆಳೆಸುವುದೆಂದರೆ ಆನೆಗೆ ಆಹ್ವಾನಪತ್ರಿಕೆ ಕಳುಹಿಸಿದಂತೆ. ಮಲೆನಾಡಿನವರಂತೆ ಮರಗಸಿಯಲ್ಲಿ, ಅಂದರೆ ನೆರಳಿನ ಮರ ಸವರುವಾಗ, ಧಾರಾಳವಾಗಿ ಕೊಂಬೆ ಕಡಿಯಬೇಡಿ. ಇಲ್ಲಿನ ಬಿಸಿಲಿಗೆ ಹೆಚ್ಚು ನೆರಳೇ ಬೇಕು.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ, ಕಾಂಜೆನ್ಸಿಸ್ ಮತ್ತು ರೋಬಸ್ಟಾ ಬೆರಕೆಯ ಸಿ×ಆರ್ ತಳಿಯ ಗಿಡ ಗಿಡ್ಡವಾಗಿ ಬೆಳೆಯುವುದರಿಂದ 10×10 ಅಡಿ ಅಂತರದಲ್ಲಿ ಎಕರೆಗೆ ಸುಮಾರು 435 ಸಸಿ ಹಿಡಿಯುತ್ತದೆ. ಏಪ್ರಿಲ್–ಮೇಯಲ್ಲಿ ಒಂದೂವರೆ ಅಡಿ ಉದ್ದಗಲದ, ಅಷ್ಟೇ ಆಳದ ಗುಂಡಿ ತೆಗೆದು ಮೇಲ್ಮಣ್ಣು ಹಾಗೂ ಕೊಟ್ಟಿಗೆ ಗೊಬ್ಬರ ತುಂಬಿ, ಮಳೆ ಹಿಡಿದ ಮೇಲೆ ನೆಡಬೇಕು. ಮಣ್ಣು ಪರೀಕ್ಷೆಯಲ್ಲಿ ಹುಳಿ ಹೆಚ್ಚೆಂದು ಕಂಡರೆ ಮಾತ್ರ ಸುಣ್ಣ ಹಾಕಿ. ಮರಳು ಬೆರೆತ ಕೆಂಪು ಮಣ್ಣು ಬೇಗ ಒಣಗುವುದರಿಂದ ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆ, ಮೊದಲ ಎರಡು ಬೇಸಿಗೆಗಳಲ್ಲಿ ಹನಿ ನೀರು ಮತ್ತು ಸೊಪ್ಪಿನ ಮರೆ ತಪ್ಪಬಾರದು.

ನೀರು ಕೊಟ್ಟ ಸುಮಾರು ಒಂದು ವಾರಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಒಂದೆರಡು ದಿನ ಸ್ಪ್ರಿಂಕ್ಲರನ್ನು ಮುಟ್ಟಲೇಬೇಡಿ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೂ ಜೇನೂ ತರಬೇಕು, ನೀರು ಬಿದ್ದರೆ ಅದು ತೊಳೆದುಹೋಗುತ್ತದೆ. ತೋಟದಲ್ಲಿ ನಾಲ್ಕಾರು ಜೇನುಪೆಟ್ಟಿಗೆ ಇಡುವುದು ಇದೇ ಕಾರಣಕ್ಕೆ ಲಾಭದ ಮಾತು.

ಮೂರು–ನಾಲ್ಕನೇ ವರ್ಷಕ್ಕೆ ಮೊದಲ ಫಸಲು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣು ಕಿತ್ತು ಕಣದಲ್ಲಿ ತೆಳುವಾಗಿ ಹರಡಿ, ದಿನಕ್ಕೆ ಹಲವು ಬಾರಿ ಕೈಯಾಡಿಸುತ್ತ ತೇವಾಂಶ ಶೇ 11ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಮಳೆ ಕಡಿಮೆಯೆಂಬ ಈ ಸೀಮೆಯ ಕೊರತೆಯೇ ಇಲ್ಲಿ ಅನುಕೂಲ. ಹಣ್ಣು ಕಣದಲ್ಲಿರುವಾಗಲೇ ಪಂಪು, ಪೈಪುಗಳನ್ನು ಒಮ್ಮೆ ಓಡಿಸಿ ನೋಡಿಕೊಳ್ಳಿ. ಕೊಯ್ಲು ಮುಗಿದು ಗಿಡ ಎರಡು–ಮೂರು ವಾರ ದಣಿವಾರಿಸಿಕೊಳ್ಳುವಷ್ಟರಲ್ಲಿ ಹೂವಿನ ನೀರಿನ ಹೊತ್ತು ಬಂದಿರುತ್ತದೆ.