ತಾಮ್ರದ ಹಳೆಯ ನಾಣ್ಯ: ಯಾವ ಕಿಲುಬು ತೆಗೆಯಬೇಕು, ಹೇಗೆ?

ನಿಂಬೆರಸ, ವಿನೆಗರ್, ಪಾಲಿಶ್ ಯಾವುದೂ ಬೇಡ. ಕಿಲುಬಿನ ಜತೆ ಅಕ್ಷರಗಳೂ ಹೋಗುತ್ತವೆ. ನುಣುಪಾಗಿ ಗಟ್ಟಿಯಾಗಿ ಕೂತ ಕಡುಹಸಿರು ಪದರ ನಾಣ್ಯವನ್ನು ಕಾಯುತ್ತದೆ, ಅದನ್ನು ಮುಟ್ಟಬೇಡಿ. ಅಪಾಯವಿರುವುದು ಉದುರುವ ತಿಳಿಹಸಿರು ಪುಡಿಯಲ್ಲಿ: ಒಳಗಿನ ಕ್ಲೋರೈಡ್ (ಉಪ್ಪಿನಲ್ಲಿರುವಂಥ ಕ್ಲೋರಿನ್ ಅಂಶ) ಗಾಳಿಯ ತೇವ, ಆಮ್ಲಜನಕದೊಂದಿಗೆ ಸೇರಿ ಆಮ್ಲ ಹುಟ್ಟಿಸಿ ಲೋಹವನ್ನು ತಿನ್ನುತ್ತಲೇ ಇರುತ್ತದೆ.

ಭೂತಗನ್ನಡಿ ಹಿಡಿದು ಬಿದಿರಿನ ಕಡ್ಡಿಯಿಂದ ಪುಡಿ ಕೆರೆಯಿರಿ. ಒಳಗಿನ ಕ್ಲೋರೈಡ್ ಹೊರಬರಲು ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 50 ಗ್ರಾಂ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ (ಸೌಮ್ಯ ಕ್ಷಾರದ ಪುಡಿ) ಬೆರೆಸಿ ನಾಣ್ಯ ಮುಳುಗಿಸಿ, ವಾರಕ್ಕೊಮ್ಮೆ ದ್ರಾವಣ ಬದಲಿಸಿ. ತಿಂಗಳುಗಳೇ ಹಿಡಿಯಬಹುದು, ಬಣ್ಣವೂ ತುಸು ಬದಲಾದೀತು. ನಲ್ಲಿ ನೀರು ಬಳಸಬೇಡಿ, ಅದರಲ್ಲೇ ಕ್ಲೋರೈಡ್ ಇರುತ್ತದೆ.

ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಬೆಂಕಿಯಿಂದ ದೂರ ಅಸಿಟೋನ್‌ನಲ್ಲಿ ಅದ್ದಿ ಪೂರ್ತಿ ಒಣಗಿಸಿ, ಮೈಕ್ರೋಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ಮಾಡಿದ ಮೇಣ) ತೆಳುವಾಗಿ ಸವರಿ. ಪಿವಿಸಿ ಎಂಬ ಪ್ಲಾಸ್ಟಿಕ್‌ನ ಕವರ್ ಬಿಟ್ಟು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ತೇವಾಂಶ 40% ದಾಟದಂತೆ ಇಡಿ.